ನೇರಳೆ ಬಣ್ಣದ ಮೇಲಿನ ಧೂಳು

ನಮ್ಮ ಕಡೆಯ ಧೂಳಿಗೆ ಅವಸರವೆಂಬುದಿಲ್ಲ. ಸಿಂದಗಿಯ ನಮ್ಮ ಓಣಿ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ, ಆಗಲೇ ಅದು ಯಾರನ್ನೂ ಎಬ್ಬಿಸದೆ ಇಳಿದು ಬಂದು ಕಟ್ಟೆಯ ಮೇಲೆ, ತಂತಿಯ ಮೇಲಿನ ಬಟ್ಟೆಗಳ ಮೇಲೆ, ಕಡೆಗೆ ನಮ್ಮ ಕಾರಿನ ಮೇಲೆ ಕೂತುಬಿಡುತ್ತದೆ. ಎರೆಹೊಲದ ಮಣ್ಣು ಒಣಗಿ, ಗಾಲಿಗಳಡಿ ಅರೆದು, ವಿಭೂತಿಯಷ್ಟು ನುಣ್ಣಗಾಗಿ ಬಂದದ್ದು. ನುಣ್ಣಗಿದೆ ಎಂದು ನಂಬಬಾರದು. ಅದರೊಳಗೆ ಕಣ್ಣಿಗೆ ಕಾಣದ ಹರಳುಗಳಿರುತ್ತವೆ.

ಕಾರಿನದು ಮಾಗಿದ ನೇರಳೆ ಹಣ್ಣಿನ ಬಣ್ಣ. ಬಿಳಿಯದು ತೆಗೆದುಕೊಂಡರೆ ಧೂಳು ಕಾಣುವುದಿಲ್ಲ ಎಂದು ನಾನು ಹೇಳಿದ್ದೆ. ಕಾಣದಿದ್ದರೆ ಧೂಳು ಇಲ್ಲದಂತಾಗುತ್ತದೆಯೇ ಎಂದು ಹೆಂಡತಿ ಕೇಳಿದ್ದಳು. ಅವಳು ಸರಕಾರಿ ಶಾಲೆಯ ಶಿಕ್ಷಕಿ. ಮೊದಲು ಇಂಡಿಯಲ್ಲಿದ್ದಾಗ, ನಿಂಬೆಹಣ್ಣಿನ ಚೀಲ ಹೊತ್ತ ಗಾಡಿಗಳ ನಡುವೆಯೇ ಡ್ರೈವಿಂಗ್ ಕಲಿತು ಲೈಸೆನ್ಸ್ ತೆಗೆದುಕೊಂಡವಳು. ಮೋರಟಗಿಯ ಆಚೆಗಿನ ಒಂದು ಹಳ್ಳಿಗೆ ವರ್ಗವಾದ ಮೇಲೆ, ದಿನಾ ಹೋಗಿಬರಲೆಂದೇ ತನ್ನ ಪಗಾರದಲ್ಲಿ ಈ ಕಾರು ಕೊಂಡಳು. ಹೀಗಾಗಿ ಕಾರು ಅವಳದು, ಬಣ್ಣವೂ ಅವಳದು. ಚಿಂತೆಯನ್ನು ನಾನು ಕೇಳಿ ಪಡೆದುಕೊಂಡೆ.

ಪೂಜೆಗೆ ಬಸವನ ಬಾಗೇವಾಡಿಯಿಂದ ನಮ್ಮ ಅಕ್ಕ ಬಂದಳು. ಶೋರೂಮಿನಿಂದ ಬಂದ ಕಾರು ಅರ್ಧ ದಿನ ಅಂಗಳದಲ್ಲಿ ನಿಂತದ್ದಕ್ಕೇ ಬೂದಿ ಬಳಿದುಕೊಂಡಂತಾಗಿತ್ತು. ಅಕ್ಕ ವಿಭೂತಿಯ ಗಟ್ಟಿ ಹಿಡಿದು ಬಾನೆಟ್ಟಿನ ಮುಂದೆ ನಿಂತಳು.

“ಧೂಳದ ಮ್ಯಾಲೆ ವಿಭೂತಿ ಹಚ್ಚಬಾರದೋ ತಮ್ಮಾ” ಎಂದವಳೇ ಇಳಕಲ್ಲ ಸೀರೆಯ ಸೆರಗು ಮಡಚಿ ಒರೆಸಿದಳು. ಮನೆಗೆ ಬಂದ ಹೊಸ ಹೋರಿಯ ಹಣೆ ಒರೆಸುವ ಹಾಗೆ, ಗುಂಡಗೆ, ಒತ್ತಿ ಒತ್ತಿ, ಬಾಯಲ್ಲಿ ಏನೋ ಮುದ್ದು ಮಾಡುತ್ತ. ನಂತರ ಮೂರು ಬೆರಳಿನ ಪಟ್ಟಿ ಎಳೆದು, ನಡುವೆ ಕುಂಕುಮವಿಟ್ಟಳು.

ಮರುದಿನ ಎಳೆಬಿಸಿಲು ಬಿದ್ದಾಗ ಬಾನೆಟ್ಟಿನ ತುಂಬ ಜೇಡರ ಬಲೆ. ಒರೆಸಿದರೂ ಹೋಗದ ಬಲೆ.

“ಅಕ್ಕಾ, ಬಣ್ಣ ಗೀರೈತಿ” ಎಂದೆ.

ಅವಳು ಬಗ್ಗಿ ನೋಡಿದಳು. “ಹಣಿ ಮ್ಯಾಲೆ ಗೆರಿ ಇರಬೇಕೋ ಹುಚ್ಚಾ. ಗೆರಿ ಇಲ್ಲದ ಹಣಿ ಎಲ್ಲೆರ ನೋಡಿಯೇನು?”

ಅಂದಿನಿಂದ ನಾನು ಧೂಳಿನ ಪಂಡಿತನಾದೆ. ಫೋನಿನಲ್ಲಿ ನೋಡಿ, ಕೇಳಿ, ಕಲಿತದ್ದು ಇಷ್ಟು: ಒಣಬಟ್ಟೆ ತಾಗಿಸಲೇಬಾರದು. ಕಾರನ್ನು ನೆರಳಲ್ಲಿ ನಿಲ್ಲಿಸಿ, ತಗಡು ತಣ್ಣಗಾಗುವವರೆಗೆ ಕಾಯಬೇಕು. ಮೇಲಿನಿಂದ ನೀರನ್ನು ಸುಮ್ಮನೆ ಹರಿಯಬಿಡಬೇಕು. ಧೂಳು ನೆನೆದು ತಾನಾಗಿಯೇ ಕೈಬಿಟ್ಟು ಇಳಿಯುವ ತನಕ ಮುಟ್ಟಬಾರದು. ಆಮೇಲೆ ಶಾಂಪೂ ನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯನ್ನು ಭಾರ ಹಾಕದೆ, ನೆಟ್ಟಗೆ ಎಳೆಯಬೇಕು, ಸುತ್ತಿಸಬಾರದು. ಬಟ್ಟೆ ಹಿಂಡಲು ಬೇರೆ ಬಕೆಟ್ಟು, ಇಲ್ಲದಿದ್ದರೆ ತೆಗೆದ ಹರಳನ್ನೇ ಮತ್ತೆ ಉಜ್ಜಿದಂತೆ. ನಮ್ಮ ಬೋರಿನದು ಸವಳು ನೀರು, ಒಣಗಿದರೆ ಬಿಳಿ ಚುಕ್ಕೆ ಬೀಳುತ್ತದೆ. ಆದ್ದರಿಂದ ಕೊನೆಯ ತಂಬಿಗೆಗಳು ಕುಡಿಯುವ ನೀರಿನ ಕ್ಯಾನಿನವು.

“ಕಾರಿಗೆ ಫಿಲ್ಟರ್ ನೀರು” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. “ಹೆಂಡ್ತಿಗೆ ಕುಕ್ಕರ್ ತೊಳ್ಯಾಕ ಬೋರಿನ ನೀರು. ನಡೀಲ್ರಿ.”

ನೀರು ಹರಿಯುವುದನ್ನು ನೋಡುತ್ತ ನಿಂತರೆ ನನಗೆ ಹೊತ್ತು ಹೋಗುವುದೇ ತಿಳಿಯುತ್ತಿರಲಿಲ್ಲ. ಬೂದಿಯ ಮೋಡ ಕರಗಿ ಅಡಿಯಿಂದ ನೇರಳೆ ತೇಲಿಬರುತ್ತಿತ್ತು. ಅದರೊಳಗೆ ಬೇವಿನ ಕೊಂಬೆ, ಒಂದು ತುಣುಕು ಆಕಾಶ, ಉಬ್ಬಿದ ಮೂಗಿನ ನಾನು. ಇಷ್ಟು ಚಂದದ್ದನ್ನು ರಸ್ತೆಗೆ ಬಿಡಲು ಮನಸ್ಸಾದರೂ ಹೇಗೆ ಬರಬೇಕು? ಹೊದಿಕೆ ಹಾಕಿಬಿಡುತ್ತಿದ್ದೆ. ಇವತ್ತು ಗಾಳಿ ಇದೆ, ನಾಳೆ ಕಬ್ಬಿನ ಲಾರಿಗಳಿವೆ, ನಾಡಿದ್ದು ಮೋಡ. ಹೆಂಡತಿ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ಸಿಗೇ ಹೋಗುತ್ತಿದ್ದಳು. ಅವಳು ಆ ರಸ್ತೆಯಲ್ಲಿ ಒಬ್ಬಳೇ ಕಾರು ಓಡಿಸುವುದನ್ನು ನೆನೆದರೇ ನನಗೆ ಅಂಜಿಕೆಯಾಗುತ್ತಿತ್ತು. ಆ ಅಂಜಿಕೆ ಬಣ್ಣಕ್ಕಾಗಿಯೋ ಅವಳಿಗಾಗಿಯೋ, ನಾನೂ ಬಿಡಿಸಿ ನೋಡಿರಲಿಲ್ಲ.

ಚಳಿಗಾಲದ ಹೊತ್ತಿಗೆ ಬಸ್ಸಿನ ವೇಳೆ ಬದಲಾಯಿತು. ಅವಳು ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗಿರುತ್ತಿದ್ದರು. ಹೆಡ್‌ಮಾಸ್ತರರು ಮೊದಲು ನಕ್ಕು ಹೇಳಿದರಂತೆ, ಆಮೇಲೆ ನಗದೆ ಹೇಳಿದರಂತೆ. ಒಂದು ಸಂಜೆ ಅವಳು ಚಹಾ ಸೋಸುತ್ತ ಹೇಳಿದಳು.

“ಸಾಲಿ ಬಾಜೂಕ ಒಂದು ಬಾಡಿಗಿ ಖೋಲಿ ನೋಡೇನ್ರಿ. ಸೋಮವಾರ ಹೋಗಿ ಶನಿವಾರ ಬರ್ತೇನಿ.”

“ಮನ್ಯಾಗ ಕಾರ್ ಐತೆಲ್ಲ?”

“ಐತಿ. ಮದುಮಗಳ ಗತೆ ಮುಸುಕು ಹಾಕ್ಕೊಂಡು ಕುಂತೈತಿ. ಅಕಿನ್ನ ಎಬ್ಬಿಸಾಕ ನಾ ಯಾರು?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ವಾದ ಮಾಡಬಹುದಿತ್ತು. ಅವಳಿಲ್ಲದ ವಾರವನ್ನು ಊಹಿಸಿಕೊಂಡೆ. ಮನೆ, ನಾನು, ಹೊದಿಕೆಯಡಿ ಫಳಫಳ ಹೊಳೆಯುವ ಕಾರು.

“ನಾಳಿ ಕಾರ್ ತಗದು ನೋಡೋಣು. ನಾನೂ ಬರ್ತೇನಿ” ಎಂದೆ.

ಮರುದಿನ ಅವಳು ಓಡಿಸಿದಳು, ನಾನು ಪಕ್ಕದಲ್ಲಿ ಇಲ್ಲದ ಬ್ರೇಕು ತುಳಿಯುತ್ತ ಕೂತೆ. ಮೋರಟಗಿ ದಾಟಿದ ಮೇಲೆ ರಸ್ತೆಯ ತುಂಬ ತೊಗರಿ ಹಾಸಿದ್ದರು. ಹೋಗಿ ಬರುವ ಗಾಡಿಗಳೇ ಹಾಯ್ದು ಕಾಳು ಬಿಡಿಸಲೆಂದು ನಮ್ಮಲ್ಲಿ ಹಾಗೆ ಹಾಸುತ್ತಾರೆ. ಇತ್ತ ಕಟ್ಟಿಗೆಯಂಥ ತೊಗರಿ ಕಡ್ಡಿ, ಅತ್ತ ಮೊರ ಎತ್ತಿ ತೂರುತ್ತಿದ್ದ ಹೆಂಗಸರು, ನಡುವೆ ನನ್ನ ನೇರಳೆ.

“ನಿಲ್ಸು. ಬಾಜೂಕ ಇಳಸು. ಕಡ್ಡಿ ತರಚತಾವು.”

“ಸುಮ್ಮ ಕೂಡ್ರಿ.”

ತೂರುತ್ತಿದ್ದವರಲ್ಲಿ ಒಬ್ಬಳು ಕೈಬೀಸಿದಳು. “ಹಾಯಿಸ್ರಿ ಅಕ್ಕೋರ, ಮ್ಯಾಲಿಂದನ ಹಾಯಿಸ್ರಿ. ಪುಣ್ಯಾ ಬರತೈತಿ.”

ಹೆಂಡತಿ ಹಾಯಿಸಿದಳು. ಕೆಳಗೆ ಕಾಯಿಗಳು ಚಟಚಟ ಸಿಡಿದವು. ಹೊಟ್ಟು ಎದ್ದು ಬಂದು ಗಾಜಿನ ಆಚೆಯದನ್ನೆಲ್ಲ ಮುಚ್ಚಿತು. ಬಿಸಿಲು ಅದರೊಳಗೆ ಸಿಕ್ಕು ಎಲ್ಲವೂ ಜೇನಿನ ಬಣ್ಣವಾಯಿತು. ರಸ್ತೆ ಇಲ್ಲ, ಹೊಲವಿಲ್ಲ, ಮೇಲಿಲ್ಲ, ಕೆಳಗಿಲ್ಲ. ನಾವಿಬ್ಬರೂ ಯಾವುದೋ ಧಾನ್ಯದ ಕಣಜದೊಳಗೆ ತೇಲುತ್ತಿದ್ದೆವು. ಅವಳು ಒಂದು ಕೈಯಿಂದ ಗಾಜು ಏರಿಸಿದಳು, ಇನ್ನೊಂದು ಕೈ ಸ್ಟೇರಿಂಗಿನ ಮೇಲೆ ಅಲುಗದೆ ಇತ್ತು. ಇಷ್ಟು ವರ್ಷ ಜೊತೆಗಿದ್ದೂ ಆ ಕೈಯನ್ನು ನಾನು ಆ ಬೆಳಕಿನಲ್ಲಿ ನೋಡಿರಲಿಲ್ಲ. ಹೊಟ್ಟು ಬಾನೆಟ್ಟಿನ ಮೇಲೆ ನಿಲ್ಲದೆ, ಸಣ್ಣ ಹಳ್ಳದ ಹಾಗೆ ಸುಳಿಸುಳಿಯಾಗಿ ಹರಿದು ಹೋಗುತ್ತಿತ್ತು.

ಶಾಲೆ ಮುಟ್ಟಿದಾಗ ಮಕ್ಕಳು ಇನ್ನೂ ಸಾಲು ಹಚ್ಚುತ್ತಿದ್ದರು. ಅವಳು ಇಳಿದು ಸೀರೆ ಕೊಡವಿಕೊಂಡು ನಡೆದಳು, ಹಿಂತಿರುಗಿ ನೋಡಲಿಲ್ಲ.

ನಾನು ಕಾರಿನ ಸುತ್ತ ತಿರುಗಿದೆ. ಎಡಬಾಗಿಲ ಅಡಿಯಲ್ಲಿ ತೊಗರಿ ಕಡ್ಡಿ ಎಳೆದ ಉದ್ದನೆಯ ಗೀರು. ಡಿಕ್ಕಿಯಿಂದ ನೀರಿನ ಕ್ಯಾನು ತೆಗೆಯುವಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬಳು ಬಂದು ಆ ಬಾಗಿಲಿಗೇ ಬೆನ್ನುಕೊಟ್ಟು ನಿಂತಳು. ಗಾಜಿನ ಬಳೆಗಳು ತಗಡಿಗೆ ತಾಗಿ ಕಿರ್ರೆಂದವು.

“ಖೋಲಿ ನಂದ್ರಿ. ಸುಣ್ಣಾ ಹಚ್ಚಿ ಇಟ್ಟೇನಿ. ಸಾಲಿ ಅಕ್ಕೋರು ಬರತಾರೋ ಹ್ಯಾಂಗ?”

“ಅಕಿನ್ನ ಕೇಳ್ರಿ.”

“ಕೇಳೇನಿ. ಮನಿಯವರು ಬಂದಾರ, ಅವರನ್ನ ಕೇಳ್ರಿ ಅಂದ್ರು.”

ಪ್ರಾರ್ಥನೆ ಶುರುವಾಯಿತು. ಮಕ್ಕಳ ದನಿಗಳ ಅಡಿಯಲ್ಲಿ ಅವಳ ದನಿಯೂ ಇತ್ತು, ಬೇರೆಯಾಗಿ ಕೇಳಿಸುತ್ತಿತ್ತು.

“ಬ್ಯಾಡ್ರಿ ಆಯಿ” ಎಂದೆ. “ಬ್ಯಾರೆಯವರಿಗೆ ಕೊಡ್ರಿ. ಅಕಿ ದಿನಾ ಕಾರ್ ತಗೊಂಡು ಬರ್ತಾಳ.”

“ಈ ರಸ್ತಾದಾಗ? ಈ ಧೂಳದಾಗ?” ಮುದುಕಿ ಕಾರನ್ನು ಮೇಲಿಂದ ಕೆಳಗೆ ನೋಡಿದಳು. “ಕಾರ್ ಹಾಳ ಆಗಂಗಿಲ್ಲೇನ್ರಿ?”

“ಆಗತೈತ್ರಿ” ಎಂದೆ.

ಈಗ ಅವಳು ಒಬ್ಬಳೇ ಹೋಗುತ್ತಾಳೆ. ಶಾಲೆ ಮುಟ್ಟಿದ ಮೇಲೆ ಫೋನಿಗೆ ‘ಬಂದೆ’ ಎಂಬ ಒಂದು ಮಾತು ಬೀಳುತ್ತದೆ, ಅಲ್ಲಿಯವರೆಗೆ ನನ್ನ ಚಹಾ ಆರುತ್ತದೆ. ಸಂಜೆ ಕಾರು ಮರಳಿ ಬಂದು ನಿಂತಾಗ ನೇರಳೆಯ ಸುಳಿವೇ ಇರುವುದಿಲ್ಲ, ಯಾವುದೋ ಹೊಲ ಎದ್ದು ಮನೆಗೆ ಬಂದಂತಿರುತ್ತದೆ. ನಾನು ಮೇಲಿನಿಂದ ನೀರು ಹರಿಯಬಿಡುತ್ತೇನೆ, ಮುಟ್ಟದೆ ಕಾಯುತ್ತೇನೆ. ಅವಳು ಕಟ್ಟೆಯ ಮೇಲೆ ಕಾಲು ಚಾಚಿ, ದಾರಿಯಲ್ಲಿ ಯಾರ್ಯಾರ ರಾಶಿಯ ಮೇಲೆ ಹಾಯ್ದೆ ಎಂಬುದನ್ನು ಹೇಳುತ್ತಿರುತ್ತಾಳೆ.