ಅಗಳಿ ಹಾಕಿದ ಮನೆಯ ಕೌದಿ

ನಾನು ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ದಪ್ಪ ಮೀಸೆ, ಬಿಳಿ ಪ್ಯಾಂಟು, ದೊಡ್ಡ ಗಂಟಲು. ಸೀಟಿ ಊದಿದರೆ ಮೈದಾನಕ್ಕೆ ಮೈದಾನವೇ ಗಪ್‌ಚಿಪ್. ಸಂತೆಯಲ್ಲಿ ನನ್ನನ್ನು ಕಂಡ ಹುಡುಗರು ಅಪ್ಪಂದಿರ ಬೆನ್ನ ಹಿಂದೆ ಅಡಗುತ್ತಿದ್ದರು. ಆ ಮೀಸೆಯ ಮನುಷ್ಯ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮುಂಬಾಗಿಲಿಗೆ ಅಗಳಿ ಹಾಕಿ, ಚಾಪೆಯ ಮೇಲೆ ಕಾಲು ಚಾಚಿ ಕೂತು ಕೌದಿ ಹೊಲಿಯುತ್ತಾನೆಂದು ಊರಿಗೆ ಗೊತ್ತಾದರೆ ಬದುಕಿ ಪ್ರಯೋಜನವಿಲ್ಲ ಎಂದು ನಿಜವಾಗಿಯೂ ನಂಬಿದ್ದೆ. ಎಪ್ಪತ್ತರ ದಶಕದ ಕೊನೆಯ ಮಾತು ಇದು.

ಕೌದಿ ಕಲಿತದ್ದು ಜಗಳೂರಿನಲ್ಲಿ, ಅಜ್ಜಿಯ ಹತ್ತಿರ. ಕಣ್ಣು ಮಂಜಾಗಿ ಅವಳಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಪೋಣಿಸಿ ಕೊಡುತ್ತ ಕೊಡುತ್ತ ನಾನೂ ಒಂದು ಸಾಲು ಹಾಕಿದೆ, ಆಮೇಲೆ ಇನ್ನೊಂದು. ಹಳೇ ಸೀರೆ, ಹಳೇ ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿಯುತ್ತ ಹೋಗುವುದು. "ಅಕ್ಕಿಕಾಳು ಸಾಲಾಗಿ ಇಟ್ಟಂಗೆ ಕಾಣಬೇಕು ನೋಡು," ಎನ್ನುತ್ತಿದ್ದಳು. ಒಂದು ದಿನ ಇದು ಅಪ್ಪನ ಕಣ್ಣಿಗೆ ಬಿತ್ತು. ಬೈಯಲಿಲ್ಲ, ಹೊಡೆಯಲಿಲ್ಲ. ಹೊರಗೆ ಕಟ್ಟೆಯ ಮೇಲಿದ್ದವರನ್ನು ಕೂಗಿ, "ಬರ್ರಪ್ಪಾ, ನಮ್ಮನೆಯಾಗೆ ಒಂದು ಹೆಣ್ಣು ಮೈನೆರೆದೈತೆ, ಆರತಿ ಮಾಡಾಕೆ ನಿಮ್ಮ ಹೆಂಗಸರನ್ನ ಕಳಿಸ್ರಿ," ಎಂದ. ಅವರು ನಕ್ಕ ನಗು ಈಗಲೂ ಒಮ್ಮೊಮ್ಮೆ ಕಿವಿಯಲ್ಲಿ ಕೇಳುತ್ತದೆ. ಊರಿನ ದರ್ಜಿಯೂ ಗಂಡಸೇ ಅಲ್ಲವೇ ಎಂದು ನಾನು ಆಮೇಲೆ ಎಷ್ಟೋ ಸಲ ಒಳಗೊಳಗೇ ವಾದ ಮಾಡಿದ್ದೇನೆ. ಮಿಷನ್ ತುಳಿದರೆ ಗಂಡಸು, ನೆಲಕ್ಕೆ ಕೂತು ಸೂಜಿ ಹಿಡಿದರೆ ಹೆಂಗಸು. ಇದು ಯಾವ ನ್ಯಾಯವೋ ಕಾಣೆ. ಆದರೆ ವಾದದಲ್ಲಿ ಗೆದ್ದ ಮಾತ್ರಕ್ಕೆ ನಾಚಿಕೆ ಹೋಗುವುದಿಲ್ಲ.

ಮದುವೆಯಾಗಿ ಹೊನ್ನಾಳಿಯಲ್ಲಿ ಮನೆ ಮಾಡಿದ ಮೇಲೆ ಒಮ್ಮೆ ನನ್ನ ಹೆಂಡತಿ ಹಳೇ ಬಟ್ಟೆಯ ಗಂಟನ್ನು ಸ್ಟೀಲ್ ಪಾತ್ರೆಯವಳಿಗೆ ಹಾಕಲು ಹೊರಟಿದ್ದಳು. ನನಗೆ ತಡೆಯಲಾಗಲಿಲ್ಲ. ಗಂಟು ಕಸಿದುಕೊಂಡು ಒಳಗೆ ಬಂದು, ಬಾಗಿಲು ಹಾಕಿ, ಸೂಜಿ ಹಿಡಿದು ಕೂತೇಬಿಟ್ಟೆ. ಅವಳು ಮೊದಲು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ಹತ್ತಿರ ಬಂದು ಹೊಲಿಗೆಯ ಮೇಲೆ ಬೆರಳಾಡಿಸಿ, "ರೀ, ಎಷ್ಟು ಚೆಂದ ಐತ್ರಿ ಇದು," ಎಂದಳು. ಅವಳಿಗೋ ಹೊಲಿಗೆಯೆಂದರೆ ಆಗದು. ಅಂಗಿಗೆ ಗುಂಡಿ ಹಾಕಲು ಕೊಟ್ಟರೆ ಕಾಜಾದ ತೂತನ್ನೂ ಸೇರಿಸಿ ಹೊಲಿದುಬಿಡುತ್ತಿದ್ದಳು.

ಅಲ್ಲಿಂದ ಭಾನುವಾರಗಳೆಂದರೆ ನನಗೆ ಹಬ್ಬ. ಅವಳ ಇಳಕಲ್ ಸೀರೆಯ ಸೆರಗು, ನನ್ನ ಡ್ರಿಲ್ ಪ್ಯಾಂಟಿನ ಬಿಳಿ, ಮಗಳ ಮೊದಲ ಲಂಗದ ಹಳದಿ. ಯಾವುದರ ಪಕ್ಕ ಯಾವುದು ಎಂದು ವಾರವಿಡೀ ಮೈದಾನದಲ್ಲಿ ನಿಂತು ಯೋಚಿಸುತ್ತಿದ್ದೆ. ಆಗ ಎಲ್ಲರ ಮೈಮೇಲೂ ಇದ್ದ ಟೆರಿಲಿನ್ ನನಗೆ ಪರಮ ವೈರಿ. ಜಾರುವ ಬಟ್ಟೆ, ಸೂಜಿಗೆ ಮರ್ಯಾದೆ ಕೊಡುವುದಿಲ್ಲ. ಹೆಂಡತಿ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು, ಮಗಳು ಕೌದಿಯ ಮೇಲೇ ಮಲಗಿ ನಿದ್ದೆ ಹೋಗುತ್ತಿದ್ದಳು. ಅವಳನ್ನು ಸುತ್ತುಬಳಸಿ ಹೊಲಿಯುತ್ತಿದ್ದೆ. ಅಷ್ಟು ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ. ಹಾಗೆ ನೋಡಿದರೆ ಮನೆಕೆಲಸಕ್ಕೆ ನಾನು ನಾಚುವವನಲ್ಲ. ಗೋಡೆಗೆ ಸುಣ್ಣ ಬಳಿದಿದ್ದೇನೆ, ಹಲಗೆ ತಂದು ಪಾತ್ರೆಯ ಸ್ಟ್ಯಾಂಡು ಮಾಡಿದ್ದೇನೆ, ತೊಟ್ಟಿಲಿಗೆ ಕೊಕ್ಕೆ ಹೊಡೆದಿದ್ದೇನೆ. ಸುತ್ತಿಗೆ ಹಿಡಿದಾಗ ಬಾಗಿಲು ತೆಗೆದೇ ಇರುತ್ತಿತ್ತು. ಓಣಿಗೆಲ್ಲ ಸದ್ದು ಕೇಳಲಿ ಎಂದು ಎರಡೇಟು ಹೆಚ್ಚೇ ಹೊಡೆಯುತ್ತಿದ್ದೆ.

ಹಾಡಹಗಲೇ ಅಗಳಿ ಬೀಳುವ ಮನೆಯನ್ನು ಓಣಿಯ ಹೆಂಗಸರು ಬಿಡುತ್ತಾರೆಯೇ? ನಲ್ಲಿಯ ಹತ್ತಿರ ನನ್ನ ಹೆಂಡತಿಯನ್ನು ಹಿಡಿದುಕೊಂಡು, "ಏನ್ರೀ, ಮೇಷ್ಟ್ರು ಭಾನುವಾರನೂ ಡ್ರಿಲ್ ಮಾಡಿಸ್ತಾರಾ?" ಎಂದು ಕೇಳಿದರಂತೆ. ಅವಳು ಕೆಂಪಾಗಿ ಕೊಡ ಅರ್ಧ ತುಂಬುವ ಮೊದಲೇ ಎತ್ತಿಕೊಂಡು ಬಂದಳು. ಆ ನಾಚಿಕೆಗೇನೋ ನಾನು ಸೈ ಎಂದೆ. ಅದು ಗಂಡಸಿನ ಲೆಕ್ಕಕ್ಕೆ ಜಮಾ ಆಗುವಂಥದ್ದು. ಹೆಂಡತಿಯ ಮುಖ ನೋಡಿದ್ದರೆ ಹಾಗೆ ಅಂದುಕೊಳ್ಳುತ್ತಿರಲಿಲ್ಲವೇನೋ.

ಮೊದಲ ಕೌದಿಯನ್ನು ಬಿಸಿಲಿಗೆಂದು ಕಾಂಪೌಂಡಿನ ಮೇಲೆ ಹರವಿದ ದಿನ ಪಕ್ಕದ ಮನೆಯಾಕೆ ಬಂದು ನಿಂತಳು. "ಯಾರ್ರೀ ಹೊಲಿದಿದ್ದು? ಏನು ಕೈ ರೀ ಅದು!" ಹೆಂಡತಿ ನನ್ನ ಕಡೆ ನೋಡಿದಳು. ನಾನು ಸೈಕಲ್ಲಿನ ಚೈನು ನೋಡತೊಡಗಿದೆ. ಚೈನಿಗೆ ಏನೂ ಆಗಿರಲಿಲ್ಲ. "ನಾನೇ ಕಣ್ರೀ," ಎಂದಳು ಹೆಂಡತಿ.

ಅಷ್ಟೇ, ಅವಳ ಹೆಸರು ಹರಡಿತು. ಪಕ್ಕದ ಮನೆಯಾಕೆ ತನ್ನ ಹಳೇ ಸೀರೆಗಳನ್ನು ತಂದು ಸುರಿದಳು. ನಾನು ಅದನ್ನೂ ಹೊಲಿದೆ. ನ್ಯಾಮತಿಯಿಂದ ಯಾರೋ ಬಸ್ಸಿನಲ್ಲಿ ಬಟ್ಟೆಯ ಗಂಟು ಕಳಿಸಿದರು, ಅದನ್ನೂ ಹೊಲಿದೆ. ಹೊಗಳಿಕೆ ಅವಳಿಗೆ, ಸುಖ ನನಗೆ. ಪಾಲು ಸರಿಯಾಗಿದೆ ಅಂದುಕೊಂಡಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ.

ಎಂಬತ್ತರ ದಶಕ ಶುರುವಾಗಿತ್ತು. ಸಂತೇಬೆನ್ನೂರಿನಲ್ಲಿ ಅವಳ ತವರುಮನೆ. ಅವಳ ತಂಗಿಗೆ ಚೊಚ್ಚಲ ಹೆರಿಗೆಯಾಗಿ, ತೊಟ್ಟಿಲಿಗೆ ಹಾಕುವ ಹಿಂದಿನ ದಿನ ನಾವು ಹೋದೆವು. ಪಡಸಾಲೆಯಲ್ಲಿ ಹೆಂಗಸರು ಸುತ್ತ ಕೂತು ಮಗುವಿನ ಕೌದಿ ಹೊಲಿಯುತ್ತಿದ್ದರು. ಅವರಲ್ಲೊಂದು ಪದ್ಧತಿ: ಕೌದಿಯೆಲ್ಲ ಹೊಲಿದಾದ ಮೇಲೆ ಒಂದು ಮೂಲೆಯನ್ನು ಬಾಯಿಯಂತೆ ಬಿಟ್ಟಿರುತ್ತಾರೆ. ಅದರೊಳಗೆ ಒಣರೊಟ್ಟಿಯ ಚೂರು, ಒಂದಿಷ್ಟು ಜೋಳದ ಕಾಳು ಹಾಕಿ ಬಾಯಿ ಮುಚ್ಚಬೇಕು. ಕೌದಿಯ ಹೊಟ್ಟೆ ಹಸಿದಿದ್ದರೆ ಹೊದ್ದ ಮಗುವೂ ಹಸಿದು ಅಳುತ್ತದಂತೆ. ಮುಚ್ಚಬೇಕಾದ್ದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಲಿಯುವ ಕೈ. ಒಂದು ಸಲ ಹಾಕಿದ ಹೊಲಿಗೆಯನ್ನು ಬಿಚ್ಚುವ ಹಾಗಿಲ್ಲ.

ನಾನು ಹೊರಗೆ ಕಟ್ಟೆಯ ಮೇಲೆ ಮಾವನವರ ಜತೆ ಎಲೆಯಡಿಕೆ ಹಾಕುತ್ತ ಕೂತಿದ್ದೆ. ಒಳಗಿನ ಮಾತು ಕಿವಿಗೆ ಬೀಳುತ್ತಿತ್ತು.

"ನಮ್ಮ ದೊಡ್ಡಾಕಿ ಬಂದಳಲ್ಲ, ಅವಳೇ ಮುಚ್ಚಲಿ," ಎಂದರು ಅತ್ತೆ. "ಹೊನ್ನಾಳಿ, ನ್ಯಾಮತಿ ತನಕ ಹೆಸರು ಮಾಡ್ಯಾಳೆ."

"ಬೆರಳು ನೋಯ್ತೈತವ್ವಾ, ಬೇರೆ ಯಾರಾದ್ರೂ ಹಾಕ್ರಿ," ಎಂದಳು ನನ್ನ ಹೆಂಡತಿ.

"ತಂಗಿ ಮಗೀಗೆ ಒಂದು ಮೂಲೆ ಹಾಕಾಕೆ ಬೆರಳು ನೋವಾ? ಹಿಡಿಯೇ ಸೂಜಿ!"

ನಾನು ಬಗ್ಗಿ ಬಾಗಿಲ ಸಂದಿಯಿಂದ ನೋಡಿದೆ. ಅವಳ ಬೆನ್ನು ಕಾಣುತ್ತಿತ್ತು, ಭುಜದ ಪಕ್ಕ ಆ ಮೂಲೆಯೂ ಕಾಣುತ್ತಿತ್ತು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಒಂದು ಅಡ್ಡ. ಜೋಳದ ಕಾಳು ಸಂದಿಯಿಂದ ಉದುರುತ್ತಿತ್ತು. ಯಾರೋ ಕಿಸಕ್ಕೆಂದರು. ಅವಳ ಸೋದರತ್ತೆಯೊಬ್ಬಳು, "ಇದೇನೇ ಇದು, ಕೋಳಿ ಕೆದರಿದಂಗೆ! ಯಾರ ಕೈಯಾಗೋ ಹೊಲಿಸಿ ನಂದು ಅಂತ ಮೆರೀತೀಯಾ?" ಎಂದಳು. ಹೆಂಗಸರೆಲ್ಲ ಗೊಳ್ಳೆಂದರು. ಅತ್ತೆ ಮಾತ್ರ ನಗಲಿಲ್ಲ. ಮಗಳ ಮುಖವನ್ನೇ ನೋಡುತ್ತ, "ಹೌದೇನೇ?" ಎಂದು ಕೇಳಿದರು.

ಹೆಂಡತಿ ತಲೆ ತಗ್ಗಿಸಿದಳು. ಬಾಗಿಲ ಕಡೆ ತಿರುಗಲಿಲ್ಲ, ನನ್ನ ಹೆಸರೆತ್ತಲಿಲ್ಲ. ಬಿಚ್ಚಲಾಗದ ಆ ಹೊಲಿಗೆಯ ಮುಂದೆ ಮತ್ತೊಂದು ಹಾಕಲು ಸೂಜಿ ಎತ್ತಿದಳು.

ನಾನು ಎದ್ದೆ. ಎಲೆಯಡಿಕೆ ಉಗಿದು ಒಳಗೆ ನಡೆದೆ. ಹೆಂಗಸರು ಗಡಬಡಿಸಿ ಸೆರಗು ಎಳೆದುಕೊಂಡರು. ಅವಳ ಪಕ್ಕ ನೆಲದ ಮೇಲೆ ಕೂತು, "ಕೊಡು ಇಲ್ಲಿ," ಎಂದೆ. ಕಾಳುಗಳನ್ನು ಒಳಗೆ ದೂಡಿ, ಅವಳ ಹೊಲಿಗೆ ನಿಂತಲ್ಲಿಂದ ಶುರು ಮಾಡಿ ಬಾಯಿ ಮುಚ್ಚಿದೆ. ದಾರ ಕಡಿದಾಗ ಸೋದರತ್ತೆ, "ಅಯ್ಯೋ ಶಿವನೇ! ಮೀಸೆ ನೋಡಿ ಮೋಸ ಹೋದ್ವಲ್ಲೇ!" ಎಂದಳು. ಈ ಸಲದ ನಗು ಪಡಸಾಲೆ ದಾಟಿ ಕಟ್ಟೆಗೂ ಹೋಯಿತು. ಜಗಳೂರಿನ ಅದೇ ನಗು. ಮಾವನವರು ಆಮೇಲೆ ನಾವು ಹೊರಡುವ ತನಕ ನನ್ನ ಜತೆ ಮಾತಾಡಲಿಲ್ಲ.

ವಾಪಸು ಬರುವಾಗ ಚನ್ನಗಿರಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಕಾಯುತ್ತ ಕೂತಿದ್ದೆವು. ದೊಡ್ಡ ತ್ಯಾಗ ಮಾಡಿದವನಂತೆ ನಾನು ಅವಳ ಒಳ್ಳೇ ಮಾತಿಗೆ ಕಾಯುತ್ತಿದ್ದೆ. ಅವಳು ಮಲಗಿದ್ದ ಮಗಳನ್ನು ಮಗ್ಗುಲು ಬದಲಿಸಿ, "ಒಂದು ಕೇಳ್ತೀನಿ," ಎಂದಳು. "ನನ್ನ ಮಾನ ಹೋಗ್ತೈತೆ ಅಂತ ಒಳಗೆ ಬಂದ್ರೋ, ಕೌದಿ ಕೆಡ್ತೈತೆ ಅಂತ ಬಂದ್ರೋ?"

ನಾನು ಬಸ್ಸು ಬರುವ ದಿಕ್ಕು ನೋಡಿದೆ. ಹೆಂಗಸರು ಅವಳನ್ನು ನೋಡಿ ನಕ್ಕಾಗಲೂ ನಾನು ಕೂತೇ ಇದ್ದೆ. ತಾಯಿ "ಹೌದೇನೇ" ಎಂದು ಕೇಳಿದಾಗಲೂ ಕೂತೇ ಇದ್ದೆ. ಅವಳು ಮತ್ತೊಂದು ಹೊಲಿಗೆಗೆ ಸೂಜಿ ಎತ್ತಿದಾಗ ಮಾತ್ರ ನನ್ನ ಕಾಲುಗಳು ತಾವಾಗಿ ಎದ್ದವು. ಗಂಡಸಾಗಿ ಸೂಜಿ ಹಿಡಿದದ್ದಕ್ಕೆ ಅಷ್ಟು ವರ್ಷ ನಾಚಿದ್ದೆನಲ್ಲ, ಅದೆಲ್ಲ ಸೇರಿದರೂ ಆ ಬಸ್‌ಸ್ಟ್ಯಾಂಡಿನ ನಾಚಿಕೆಗೆ ಸಮವಾಗದು. ಬಸ್ಸು ಬಂತು, ಹತ್ತಿದೆವು.

ಮುಂದಿನ ಭಾನುವಾರ ಊಟ ಮುಗಿಸಿ ಅಗಳಿ ಹಾಕಲು ಹೋದೆ. ಬಾಗಿಲ ರೆಕ್ಕೆಗೆ ಬೆನ್ನು ಕೊಟ್ಟು ಅವಳು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು.

"ಸ್ವಲ್ಪ ಸರಿ," ಎಂದೆ.

"ಇರ್ಲಿ ಬಿಡ್ರಿ. ಗಾಳಿ ಬರ್ಲಿ."

ಹೊರಗೆ ನನ್ನ ಸ್ಕೂಲಿನ ಹುಡುಗರು ಚಿನ್ನಿದಾಂಡು ಆಡುತ್ತಿದ್ದರು. ಬೀದಿಗೆ ಬೆನ್ನು ಮಾಡಿ ಕೂತೆ. "ಈ ಕಡೆ ತಿರುಗ್ರಿ, ಬೆಳಕು ಇಲ್ಲೈತೆ," ಎಂದಳು. ತಿರುಗಿದೆ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳು. ಹೆಂಡತಿ ಮೊರದಿಂದ ತಲೆ ಎತ್ತದೆ, "ನಮ್ಮನೆಯವರು ಕೌದಿ ಹೊಲಿಯಾಕೆ ಕುಂತಾರೆ. ನಿಮ್ಮದೂ ಅವರೇ ಹೊಲಿದಿದ್ದು ಕಣ್ರೀ," ಎಂದಳು.

ಅದೇ ಹೊತ್ತಿಗೆ ನನ್ನ ದಾರ ಮುಗಿಯಿತು. ಹೊಸ ದಾರ ತೆಗೆದೆ, ತುದಿ ಸೂಜಿಯ ಕಣ್ಣು ತಪ್ಪಿಸಿ ಪಕ್ಕಕ್ಕೇ ಹೋಗುತ್ತಿತ್ತು. ಹುಡುಗರ ಆಟದ ಸದ್ದು ನಿಂತಿತ್ತು. ಹೆಂಡತಿ ಮೊರ ಬದಿಗಿಟ್ಟು ಬಂದು, ನನ್ನ ಕೈಯಿಂದ ಸೂಜಿ ತೆಗೆದುಕೊಂಡು, ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸಿದಳು.

"ಅವತ್ತು ಕೌದಿ ಕೆಡ್ತೈತೆ ಅಂತಲೇ ಎದ್ದೆ," ಎಂದೆ ಮೆಲ್ಲಗೆ.

"ಗೊತ್ತು," ಎಂದು ಸೂಜಿಯನ್ನು ನನ್ನ ಕೈಗಿಟ್ಟಳು. "ಹೊಲಿರಿ."

ಪಕ್ಕದ ಮನೆಯಾಕೆ ಇನ್ನೂ ಅಲ್ಲೇ ನಿಂತಿದ್ದಳು. ನಾನು ತಲೆ ತಗ್ಗಿಸಿ ಹೊಲಿದೆ.