ನೌಕಾಪಡೆಯ ತಮ್ಮನಿಗೆ ಬಡ್ತಿ ಬಂದಾಗ

ನನ್ನ ತಮ್ಮ ನೌಕಾಪಡೆಯ ಹಡಗಿನಲ್ಲಿ ಅಡಿಗೆ ಮಾಡುತ್ತಾನೆ. ರಜೆಗೆ ನಂಜನಗೂಡಿಗೆ ಬಂದರೆ ಮೊದಲು ನನ್ನನ್ನು ಒಲೆಯ ಮುಂದಿನಿಂದ ಆಚೆ ಕಳಿಸುವುದು ಅವನ ರೂಢಿ. ಅವನ ಬಸ್ಸಾರಿಗೆ ಪಕ್ಕದ ಮನೆಯವರೂ ಬಟ್ಟಲು ಹಿಡಿದು ಬರುತ್ತಾರೆ.

ಹೋದ ವರ್ಷ ಫೋನು ಮಾಡಿ, ಬಡ್ತಿ ಬಂತು, ಈಗ ಪೆಟಿ ಆಫೀಸರ್ ಅಂದ. ನಾನೋ ಸರ್ಕಾರಿ ಕಚೇರಿಯ ಗುಮಾಸ್ತೆ. ನಮ್ಮಲ್ಲಿ ಅಟೆಂಡರಿಗೆ ಬಡ್ತಿ ಬಂದರೆ ಮರುದಿನದಿಂದ ಅವನು ಫೈಲು ಹೊರುವುದಿಲ್ಲ, ಕುರ್ಚಿಯಲ್ಲಿ ಕೂತು ಬರೆಯುತ್ತಾನೆ. ಹಾಗಾದರೆ ಸೌಟು ಬಿಟ್ಟೆಯಾ ಎಂದು ಕೇಳಿದೆ.

"ತೋಳಿನ ಪಟ್ಟಿ ಬದಲಾಯ್ತು ಕಣಕ್ಕ, ಪಾತ್ರೆ ಅದೇಯ" ಎಂದು ನಕ್ಕ.

ನನಗೆ ತಲೆಬುಡ ಗೊತ್ತಾಗಲಿಲ್ಲ. ಗೊತ್ತಾಗದ್ದನ್ನು ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ.

ಟಿ. ನರಸೀಪುರದ ಕಡೆಯಿಂದ ಸಂಬಂಧ ಬಂದಾಗ, ಹುಡುಗ ನೌಕಾಪಡೆಯಲ್ಲಿ ಆಫೀಸರ್ ಎಂದಷ್ಟೇ ಹುಡುಗಿಯ ತಂದೆಗೆ ಹೇಳಿದೆ. ಅಡಿಗೆಯ ಮಾತು ಎತ್ತಲಿಲ್ಲ. ಸುಳ್ಳೇನೂ ಅಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ತಮ್ಮ ರಜೆಗೆ ಬಂದ ಮೇಲೆ ಹೆಣ್ಣು ನೋಡಲು ಹೋದ ದಿನ ಅವರು, ಹಡಗಿನಲ್ಲಿ ಏನು ಕೆಲಸ ಎಂದು ತಮ್ಮನನ್ನೇ ಕೇಳಿಬಿಟ್ಟರು.

"ಅಡ್ಗೆ ಮಾಡ್ತೀನಿ ಸಾ. ಪೆಟಿ ಆಫೀಸರ್ ಅನ್ನೋದು ದರ್ಜೆ, ಅಡ್ಗೆ ನನ್ ಕೆಲ್ಸ" ಅಂದ.

ಅವರು ನನ್ನ ಮುಖ ನೋಡಿದರು. ತಮ್ಮ ಬಿಡಿಸಿ ಹೇಳತೊಡಗಿದ: ಇಂಜಿನ್ ನೋಡುವವನೂ ಪೆಟಿ ಆಫೀಸರ್ ಆಗಬಹುದಂತೆ, ಔಷಧಿ ಕೊಡುವವನೂ ಆಗಬಹುದಂತೆ. ಅವನು ಹೇಳಿದಷ್ಟೂ ನನ್ನ ತಲೆ ಕೆಟ್ಟಿತು. ಎಲ್ಲರದೂ ಒಂದೇ ದರ್ಜೆಯಾದರೆ ಇವರಲ್ಲಿ ಯಾರು ದೊಡ್ಡವರು? ನಾನು ಹೇಳಿದ್ದು ಸುಳ್ಳೋ ನಿಜವೋ? ಆಮೇಲೆ ತಿಳಿಸ್ತೀವಿ ಎಂದು ಅವರು ಎದ್ದರು. ಅದರ ಅರ್ಥ ಮಾತ್ರ ಚೆನ್ನಾಗಿ ಗೊತ್ತಾಯಿತು.

ವಾಪಸು ಬರುವ ಬಸ್ಸಿನಲ್ಲಿ ತಮ್ಮ ನನ್ನ ಕಡೆ ತಿರುಗಿ ಕೇಳಿದ.

"ಅವ್ರಿಗೆ ಗೊತ್ತಿಲ್ಲ, ಸರಿ. ನನ್ ಕೆಲ್ಸ ಏನೂಂತ ಏಳಕ್ಕೆ ನಿಂಗೂ ನಾಚ್ಕೆ ಆಯ್ತಾ ಅಕ್ಕ?"

ದರ್ಜೆ ಯಾವುದು, ಕೆಲಸ ಯಾವುದು ಎಂದು ಗೊಂದಲವಾಯಿತು ಅನ್ನಬಹುದಿತ್ತು. ಅದೂ ನಿಜವೇ. ಆದರೆ ಅವನ ಕಣ್ಣು ನೋಡಿ ಹೌದು ಅಂದುಬಿಟ್ಟೆ.

ರಜೆ ಇನ್ನೂ ಹತ್ತು ದಿನ ಇತ್ತು. ಅಷ್ಟೂ ದಿನ ನಾನು ಬಡಿಸಿದ್ದನ್ನು ಬೇಸರ ತೋರದೆ ಉಂಡ, ತಟ್ಟೆ ತೊಳೆದಿಟ್ಟ. ಒಲೆಯ ಹತ್ತಿರ ಮಾತ್ರ ಬರಲಿಲ್ಲ.