ಕೋವಿಯೊಳಗೆ ತಿರುಗಿದ ಗಜ

ಪಟದಲ್ಲಿ ನಿಮ್ಮ ಮುತ್ತಜ್ಜ ಊರಿಕೊಂಡು ನಿಂತಿರುವುದು ಕೋಲಲ್ಲ, ಕೋವಿ. ಪಟ ಮಾಸಿರುವುದರಿಂದ ನಿಮಗೆ ಹಾಗೆ ಕಂಡಿದೆ. ಅವರು ನನ್ನ ಮಾವ. ಕೋವಿ ಅವರ ಅಪ್ಪನದು. ಅದಕ್ಕೂ ಮೊದಲು ಯಾರದೆಂದು ಯಾರಿಗೂ ತಿಳಿಯದು. ಕೋವಿಯ ಮೇಲೆ ಮಾಡಿದವರ ಹೆಸರೋ ನಂಬರೋ ಕೆತ್ತಿರುತ್ತದಂತೆ. ನಮ್ಮದರ ಮೇಲೆ ಒಂದಕ್ಷರವೂ ಇರಲಿಲ್ಲ. ಹೊನ್ನಾವರದ ಅಳಿವೆಯಲ್ಲಿ ಹಡಗು ಒಡೆದಾಗ ಸಿಕ್ಕಿದ್ದು ಎಂದು ಮಾವ ಒಂದು ದಿನ ಹೇಳಿದರೆ, ಯಾರೋ ದೊರೆ ಮೆಚ್ಚಿ ಕೊಟ್ಟದ್ದು ಎಂದು ಇನ್ನೊಂದು ದಿನ ಹೇಳುತ್ತಿದ್ದರು. ಎರಡನ್ನೂ ಅವರು ಅಷ್ಟೇ ಖಚಿತವಾಗಿ ಹೇಳುತ್ತಿದ್ದರು.

ನಾನು ಧಾರೇಶ್ವರದವಳು. ಅಲ್ಲಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿ, ಐವತ್ತರ ದಶಕದ ಕೊನೆಯಲ್ಲಿ ಮುಟ್ಟಳ್ಳಿಗೆ ಸೊಸೆಯಾಗಿ ಬಂದೆ. ಮಾವನ ಎದುರು ನಿಂತು ಮಾತಾಡುವ ಪದ್ಧತಿ ಆಗ ಇರಲಿಲ್ಲ. ಪದ್ಧತಿ ಇದ್ದಿದ್ದರೂ ನಾನು ಮಾತಾಡುತ್ತಿದ್ದೆನೋ ಇಲ್ಲವೋ. ಅವರಿಗೆ ಏನಾದರೂ ತಿಳಿಸಬೇಕಾದರೆ ನಿಮ್ಮ ಅಜ್ಜನಿಗೆ ಹೇಳುತ್ತಿದ್ದೆ. ಅವರು ಮನೆಯಲ್ಲಿಲ್ಲದಿದ್ದರೆ ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡುತ್ತಿದ್ದೆ. ಮಾವ ಮಾತ್ರ ನಾನು ಬಡಿಸಿದ ಅನ್ನವನ್ನು ಒಂದು ದಿನವೂ ಮೆಚ್ಚದೆ ಎದ್ದವರಲ್ಲ.

ಆ ಕೋವಿ ಬಾಯಿಯಿಂದ ಮದ್ದು ತುಂಬುವಂಥದ್ದು. ಮೊದಲು ಮದ್ದು, ಮೇಲೆ ಚಿಂದಿ, ಅದರ ಮೇಲೆ ಚರೆ, ಅಂದರೆ ಸೀಸದ ಸಣ್ಣ ಕಾಳುಗಳು. ಎಲ್ಲವನ್ನೂ ಗಜ ಎನ್ನುವ ಕಬ್ಬಿಣದ ಸರಳಿನಿಂದ ಒಳಗೆ ದೂಡಿ ಗಟ್ಟಿ ಮಾಡಬೇಕು. ಗದ್ದೆಗೆ ಹಂದಿ ಬಂದಾಗ ಮಾವ ಹೀಗೆ ಈಡು ತುಂಬಿ ಹೊಡೆಯುತ್ತಿದ್ದರು. ಹಂದಿಗೆ ಒಂದು ದಿನವೂ ತಾಗಿದ್ದಿಲ್ಲ. ಚರೆಯೆಲ್ಲ ಹಂದಿಯ ಆಚೆ ಈಚೆ ಹೋಗಿ ಬೀಳುತ್ತಿತ್ತು. ಪಕ್ಕದ ಮನೆಯ ಮುದುಕ ಅಂಗಳದಿಂದಲೇ ಕೂಗುತ್ತಿದ್ದ: “ಹಂದಿಗೆ ದೃಷ್ಟಿ ತೆಗೆದು ಆತಾ?” ಮಾವ ಎಲ್ಲರೊಡನೆ ನಗುತ್ತಿದ್ದರು. ಆಮೇಲೆ ಒಳಗೆ ಬಂದು ಕೋವಿಯನ್ನು ಗೂಟಕ್ಕೆ ಸಿಕ್ಕಿಸಿ, ಹೆಗಲ ಮೇಲಿನ ವಸ್ತ್ರದಿಂದ ಅದರ ಹಿಡಿಯನ್ನು ಒರೆಸುತ್ತಿದ್ದರು. ನಾನು ಅದನ್ನು ನೋಡುತ್ತಿದ್ದೆ.

ಆಯುಧಪೂಜೆಗೆ ಮನೆಯ ಕತ್ತಿ, ಗುದ್ದಲಿಗಳನ್ನು ತೊಳೆಯುವಾಗ ಕೋವಿಯನ್ನೂ ಚೊಕ್ಕ ಮಾಡುವುದು ಸೊಸೆಯ ಕೆಲಸ. ಅತ್ತೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಮೇಲಿನಿಂದ ಒರೆಸುತ್ತಿದ್ದರಂತೆ. ಹೊಸಬಳಾದ ನಾನು ಒಳ್ಳೆಯ ಹೆಸರು ತೆಗೆದುಕೊಳ್ಳುವ ಆಸೆಯಿಂದ ಬಚ್ಚಲ ಹಂಡೆಯ ಕುದಿನೀರಿಗೆ ಬಟ್ಟೆ ಒಗೆಯುವ ಸೋಡಾ ಖಾರ ಹಾಕಿ ಕೋವಿಯ ಬಾಯಿಗೆ ಹೊಯ್ದೆ. ಬುಡದ ಪಕ್ಕದ ಸಣ್ಣ ತೂತಿನಿಂದ ಮಸಿಯಂಥ ನೀರು ಬಂತು. ಗಜದ ತುದಿಗೆ ಹಳೆ ಪಂಚೆಯ ಚೂರು ಸುತ್ತಿ ತಿಕ್ಕಿದೆ. ಮೂರು ವರ್ಷ ಹೀಗೇ ಮಾಡಿದೆ. ನಾಲ್ಕನೆಯ ವರ್ಷ ಗಜವನ್ನು ಒಳಗೆ ದೂಡುತ್ತಿದ್ದಾಗ ಅದು ನನ್ನ ಅಂಗೈಯಲ್ಲಿ ತಾನಾಗಿ ತಿರುಗಿತು. ಬಿಗಿಯಾಗಿ ಹಿಡಿದರೆ ಮುಂದೆ ಹೋಗದು, ಸಡಿಲ ಬಿಟ್ಟರೆ ತಿರುಗುತ್ತಾ ಇಳಿಯುತ್ತದೆ.

ಹಿಂದಿನ ವರ್ಷಗಳಲ್ಲಿ ಹಾಗಾಗಿರಲಿಲ್ಲ. ಕುದಿನೀರು ಹೊಯ್ದು ಹೊಯ್ದು ಒಳಗಿನ ಕಬ್ಬಿಣವನ್ನು ತಿರುಚಿಬಿಟ್ಟೆ ಎಂದೇ ತಿಳಿದೆ. ಈಗ ನಿಮಗೆ ನಗು ಬರಬಹುದು. ಬಿಸಿ ತಾಗಿದ ಹಪ್ಪಳ ತಿರುಚಿಕೊಳ್ಳುವುದನ್ನು ಕಂಡವಳಿಗೆ ಕಬ್ಬಿಣದ ವಿಷಯ ಎಷ್ಟು ಗೊತ್ತಿರುತ್ತದೆ? ಯಾರಿಗೂ ಹೇಳದೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು, ಮಣೆಯ ಮೇಲೆ ಮಲಗಿಸಿದೆ.

ಅದೇ ವರ್ಷ ಕೋವಿಗೆ ಪರವಾನಗಿ ಕೊಡುವ ಕುಮಟಾದ ಕಚೇರಿಯಿಂದ ಕರೆ ಬಂತು. ನಮ್ಮಲ್ಲಿದ್ದ ಮುಂಬೈ ಸರಕಾರದ ಕಾಲದ ಕಾಗದದಲ್ಲಿ ಮರಾಠಿಯಲ್ಲಿ ‘ಬಂದೂಕು ಒಂದು’ ಎಂದಷ್ಟೇ ಇತ್ತು. ಕೋವಿ ಎಂಥದ್ದು, ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ಹೊಸದಾಗಿ ಬರೆಸಬೇಕು, ಕೆಟ್ಟದ್ದಾದರೆ ಅಲ್ಲೇ ಜಮಾ ಮಾಡಬೇಕು ಎಂದರು. ನಮ್ಮದು ಕೆಟ್ಟೇ ಇತ್ತು. ಬೆರಳಿನಿಂದ ಎಳೆದರೆ ಸುತ್ತಿಗೆಯ ಹಾಗೆ ಬಡಿಯಬೇಕಾದ ಕುದುರೆ, ಆ ಮಳೆಗಾಲದಲ್ಲಿ ಒಳಗಿನ ಕಮಾನು ಮುರಿದು, ಜೋತುಬಿದ್ದಿತ್ತು. ಮಾವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಭಟ್ಕಳ ಪೇಟೆಯಿಂದ ತಮ್ಮ ಹಳೆಯ ಗೆಳೆಯನನ್ನು ಕರೆತಂದರು. ಅವರು ಅಲ್ಲಿನ ನವಾಯತ ಮುಸ್ಲಿಮರು, ಮಾವನಷ್ಟೇ ಮುದುಕರು. ಹರೆಯದಲ್ಲಿ ಮದ್ರಾಸಿನ ಕೋವಿ ಅಂಗಡಿಯೊಂದರಲ್ಲಿ ಕೆಲಸ ಮಾಡಿ ಬಂದು, ಆಗ ಗಡಿಯಾರ, ಸ್ಟೋವ್ ರಿಪೇರಿ ಮಾಡಿಕೊಂಡಿದ್ದರು. ಒಂದು ಕಣ್ಣಿಗೆ ಪೊರೆ ಬಂದಿತ್ತು.

ಅವರು ಜಗಲಿಯಲ್ಲಿ ಚಾಪೆ ಹಾಸಿ ಕೋವಿಯನ್ನು ಬಿಚ್ಚಿದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಇದ್ದೆ.

“ಕಮಾನಿಗೆ ಹೆದರಬೇಡ ದೋಸ್ತ. ಲಾರಿ ಸ್ಪ್ರಿಂಗಿನ ಪಟ್ಟಿ ಕೊಯ್ದು ಮಾಡ್ತೆ,” ಎಂದರು. ಆಮೇಲೆ ಕೊಕ್ಕೆಯ ತಂತಿಯೊಂದನ್ನು ಕೋವಿಯ ಬಾಯಿಯೊಳಗೆ ಇಳಿಸಿ ಆಡಿಸಿದರು. ಬುಡ ಮುಚ್ಚಿದ ಕೋವಿಯಾದ್ದರಿಂದ ಒಳಗೆ ಕತ್ತಲೆ, ಕಣ್ಣಿಗೆ ಏನೂ ಕಾಣದು. “ಅರೇ, ಎಂತ ಮಾಡಿ ಇಟ್ಟೀರಿ? ಒಳಗೆ ಪೂರಾ ಗೀರು!”

“ಗೀರು? ಎಂತದು ಗೀರುದು? ಇಲಿ ಹೊಕ್ಕಿತ್ತನಾ?” ಮಾವ ತಮಾಷೆ ಮಾಡಲು ನೋಡಿದರು.

“ತುಕ್ಕು ತಿಂದದ್ದು. ಬೈರಿಗೆ ಹಾಕಿ ಸವೆಸಿ ಕನ್ನಡಿ ಹಂಗೆ ನುಣ್ಣಗೆ ಮಾಡ್ತೆ. ಆದ್ರೆ ಕೋವಿ ನಳಿಗೆ ತೆಳು ಆಗ್ತದೆ. ಮತ್ತೆ ಹಂದಿ ಬಿಡು, ಕಾಗೆ ಓಡಿಸುಕೆ ಆತು.”

ಅವರು ಚೀಲದಿಂದ ಉದ್ದನೆಯ ಬೈರಿಗೆ ತೆಗೆದು ಚಾಪೆಯ ಮೇಲಿಟ್ಟರು. ಮಾವ ಹೆಗಲ ವಸ್ತ್ರದಿಂದ ಕೋವಿಯ ಹಿಡಿಯನ್ನು ಒರೆಸಿದರು. ಆಮೇಲೆ ಮೆಲ್ಲಗೆ, “ಅಪ್ಪ ಕೊಟ್ಟದ್ದು ಇದೊಂದೇ. ನನ್ನ ಕೈಯಲ್ಲೇ ಹಾಳಾತಲ್ಲ,” ಎಂದರು.

ಅವರು ಬೈದಿದ್ದರೆ ನಾನು ಅಡಗಿಯೇ ಇರುತ್ತಿದ್ದೆ. ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡದ್ದನ್ನು ಕೇಳಿ ಕಾಲು ತಾನಾಗಿ ಹೊರಗೆ ಬಂತು. ಕೈಯಲ್ಲಿ ಸೌಟು ಹಾಗೇ ಇತ್ತು.

“ನೀವು ಹಾಳು ಮಾಡಿದ್ದಲ್ಲ ಮಾವ. ನಾ ಮಾಡಿದ್ದು.”

ಮದುವೆಯಾಗಿ ಬಂದ ಮೇಲೆ ಅವರ ಮುಖ ನೋಡಿ ನಾನು ಆಡಿದ ಮೊದಲ ಮಾತು ಅದು. ಇಬ್ಬರೂ ಮುದುಕರು ನನ್ನನ್ನೇ ನೋಡಿದರು.

“ಎಂತ ಮಾಡಿದೆ ಬೇಟಿ?” ಎಂದು ರಿಪೇರಿಯವರು ಕೇಳಿದರು.

“ಕುದಿನೀರು ಹೊಯ್ದೆ. ಸೋಡಾ ಖಾರ ಹಾಕಿ.”

“ಅಷ್ಟಕ್ಕೆ ಕಬ್ಬಿಣ ಗೀರ್ತದಾ? ನಿನ್ನ ಚಾ ಪಾತ್ರೆಗೆ ಗೀರು ಬಿದ್ದಿದ್ಯಾ?” ಎಂದು ಅವರು ನಕ್ಕರು.

“ಗೀರಿದ್ದು ಗೊತ್ತಿಲ್ಲ. ಒಳಗೆ ತಿರುಚ್ಕಂಡಿದೆ. ಗಜ ದೂಡಿದ್ರೆ ಕೈಯಲ್ಲಿ ತಿರುಗ್ತದೆ.”

ರಿಪೇರಿಯವರ ನಗು ನಿಂತಿತು. “ಯಾವ ಬದಿಗೆ?”

ನಾನು ಸೌಟನ್ನು ಗಾಳಿಯಲ್ಲಿ ಬಲಕ್ಕೆ ತಿರುಗಿಸಿ ತೋರಿಸಿದೆ. ಅವರು ಬೈರಿಗೆಯನ್ನು ಆಚೆ ಸರಿಸಿದರು. ಗಜಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿ, ಮಾವನ ಎಲೆ ತಟ್ಟೆಯಿಂದ ಸುಣ್ಣ ತೆಗೆದು ಅದರ ಹಿಡಿಯ ಹತ್ತಿರ ಒಂದು ಬೊಟ್ಟು ಇಟ್ಟರು. ಬೊಟ್ಟು ಮೇಲೆ ಮಾಡಿ ದೂಡಿದರು. ಗಜ ಇಳಿಯುತ್ತಾ ಇಳಿಯುತ್ತಾ ಬೊಟ್ಟು ಬಲಕ್ಕೆ ಜಾರಿ ಅಡಿಗೆ ಹೋಯಿತು, ಬುಡ ಮುಟ್ಟುವಾಗ ಎಡಗಡೆಯಿಂದ ಮೇಲಕ್ಕೆ ಬರುತ್ತಿತ್ತು. ಹೊರಗೆಳೆದು ಮತ್ತೆ ದೂಡಿದರು. ಅದೇ ದಾರಿ, ಅದೇ ಜಾಗ. ಮೂರನೆಯ ಸಲವೂ ಹಾಗೇ.

“ತುಕ್ಕು ತಿಂದದ್ದಾದ್ರೆ ಇಷ್ಟು ಲೆಕ್ಕದಲ್ಲಿ ತಿರುಗುದಿಲ್ಲ,” ಎಂದು ತಮಗೇ ಹೇಳಿಕೊಂಡರು. ನನ್ನಿಂದ ಜೇನುಮೇಣ ಕೇಳಿದರು. ಅದನ್ನು ಬೆಚ್ಚಗೆ ಮಾಡಿ ಗಜದ ತುದಿಗೆ ಮೆತ್ತಿ ಒಳಗಿಟ್ಟು, ಆರಿದ ಮೇಲೆ ತಿರುಗಿಸುತ್ತಾ ತೆಗೆದರು. ಮೇಣದ ಮೇಲೆ ಏಣುಗಳು ಮೂಡಿದ್ದವು, ಅಡ್ಡ ಕೊಯ್ದ ಬೆಂಡೆಕಾಯಿಯ ಹಾಗೆ. ಎಣಿಸಿದರೆ ಏಳು.

“ದೋಸ್ತ, ಇದು ಚರೆ ಹಾಕುವ ಕೋವಿ ಅಲ್ವೇ ಅಲ್ಲ. ರೈಫಲ್ಲು! ಇದಕ್ಕೆ ಒಂದೇ ಗುಂಡು. ಈ ಗೀರಿನ ಕಾಲುವೆಯಲ್ಲಿ ಬುಗುರಿ ಹಂಗೆ ತಿರುಗಿ ನೆಟ್ಟಗೆ ಹೋಗ್ತದೆ. ನೀವು ಅಪ್ಪ ಮಗ ಸೇರಿ ಇದಕ್ಕೆ ಚರೆ ತುಂಬಿದ್ರಿ. ಅದೂ ತಿರುಗಿ ಸುತ್ತ ಚೆಲ್ಲಿ ಹೋತು. ಹಂದಿ ನಡುವೆ ನಿಂತು ನೋಡಿತು. ಮಸಿ, ಸೀಸ ಕಾಲುವೆ ಮುಚ್ಚಿತ್ತು. ಈ ಹುಡುಗಿ ತೊಳೆದು ಬಿಡಿಸಿದ್ದಾಳೆ. ನಾನು ಈಗ ಬೈರಿಗೆ ಹಾಕಿದ್ರೆ ಮುಗಿದಿತ್ತು.”

ಮಾವ ಮೇಣದ ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು ಏಣುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದರು. ನಾನು ಒಳಗೆ ಓಡಿದೆ. ಪಲ್ಯ ತಳ ಹಿಡಿದಿತ್ತು.

ರಿಪೇರಿ ನಾಲ್ಕು ದಿನ ನಡೆಯಿತು. ಲಾರಿ ಪಟ್ಟಿಯ ಕಬ್ಬಿಣವನ್ನು ಅರದಿಂದ ಉಜ್ಜಿ ಕಮಾನು ಮಾಡಿ, ಕೆಂಪಗೆ ಕಾಸಿ ನಮ್ಮ ತೆಂಗಿನೆಣ್ಣೆಯಲ್ಲಿ ಅದ್ದಿದರು. ಮೊದಲನೆಯದು ಮುರಿಯಿತು, ಎರಡನೆಯದು ನಿಂತಿತು. ಮರದ ಹಿಡಿ ಬಿಚ್ಚಿ ಒಳಗೆಲ್ಲ ಹುಡುಕಿದರೂ ಹೆಸರು ಸಿಗಲಿಲ್ಲ. ವಿಲಾಯತಿಯದನ್ನು ನೋಡಿ ಈ ಕಡೆಯ ಯಾರೋ ಒಳ್ಳೆಯ ಕಸುಬಿನವನು ಮಾಡಿದ್ದಿರಬೇಕು ಎಂದರು. ಮಾವನಿಗೆ ಹಡಗೂ ಹೋಯಿತು, ದೊರೆಯೂ ಹೋದ. ಅವರಿಗೆ ಅದರ ಬೇಸರವೇನೂ ಕಾಣಲಿಲ್ಲ.

ಗದ್ದೆಯ ಬದುವಿನ ಮೇಲೆ ಒಡಕು ಮಡಕೆ ಇಟ್ಟು, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದೇ ಗುಂಡು ತುಂಬಿ ಮಾವ ಹೊಡೆದರು. ಮೊದಲನೆಯದು ತಪ್ಪಿತು. ಎರಡನೆಯದಕ್ಕೆ ಮಡಕೆ ಚೂರಾಯಿತು. ಪಕ್ಕದ ಮನೆಯ ಮುದುಕ, “ಇನ್ನು ಹಂದಿಗೆ ದೃಷ್ಟಿ ತೆಗೆಯೋರು ಯಾರೋ!” ಎಂದು ಗೋಳಾಡಿದ.

ಕೋವಿಯನ್ನು ಚಾಪೆಯಲ್ಲಿ ಸುತ್ತಿಕೊಂಡು ಮಾವ ಮತ್ತು ನಿಮ್ಮ ಅಜ್ಜ ಕುಮಟಾಕ್ಕೆ ಹೋದರು. ಬಸ್ಸಿನಲ್ಲಿ ಶರಾವತಿಯ ದಂಡೆಯವರೆಗೆ, ಅಲ್ಲಿಂದ ಲಾಂಚಿನಲ್ಲಿ ಹೊನ್ನಾವರ, ಮತ್ತೆ ಬಸ್ಸು. ಕಾಗದದಲ್ಲಿ ‘ರೈಫಲ್, ಗುರುತು ಇಲ್ಲ, ಸುಸ್ಥಿತಿ’ ಎಂದು ಬರೆಸಿಕೊಂಡು, ಕೋವಿಯೊಡನೆ ಸಂಜೆಗೆ ತಿರುಗಿ ಬಂದರು.

ನಾನು ಒಲೆಯ ಮುಂದೆ ಇದ್ದೆ. ಮಾವ ಕಾಲು ತೊಳೆದು ನೇರ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರು ಎಂದೂ ಅಲ್ಲಿಯವರೆಗೆ ಬಂದವರಲ್ಲ. ನಾನು ಎದ್ದು ನಿಂತೆ.

“ಇನ್ನೆಂತಾದ್ರೂ ಹಾಳು ಮಾಡಿದ್ಯನೇ? ಇದ್ರೆ ಈಗ್ಲೇ ಹೇಳು.”

ಒಮ್ಮೆ ತೆರೆದ ಬಾಯಿ ಮುಚ್ಚುವುದು ಕಷ್ಟ. “ಮಾವಿನ ಮಿಡಿಯ ಭರಣಿ ಒಡೆದದ್ದು ಬೆಕ್ಕಲ್ಲ,” ಎಂದೆ.

“ಅದು ನಂಗೆ ಆಗ್ಲೇ ಗೊತ್ತಿತ್ತು,” ಎಂದರು ಮಾವ. “ಬೆಕ್ಕಿಗೆ ಸುಮ್ನೆ ಬೈದದ್ದು.”